ರಂಗೂನಿನ ಏಳನೇ ಕ್ಲಾಸು

ಇವತ್ತು ಬೆಳಿಗ್ಗೆ ಎದುರುಮನೆಯ ಗೌಸ್ ಸಾಹೇಬರು ನಮ್ಮ ಜಗುಲಿಗೆ ಬಂದು ಕೂತರು. ಅವರ ಮಗ ಕೊಲಂಬೊದಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದುಕೊಂಡು ಓದುತ್ತಿದ್ದಾನೆ. "ಅಲ್ಲೀ ಓದು ಒಳ್ಳೇದಾ, ಇಲ್ಲಿಗೆ ಕರ್ಕೊಂಡ್ಬರ್ಲಾ, ನೀವೇ ಹೇಳ್ಬೇಕು ಸಾರ್" ಎಂದು ನಮ್ಮ ಯಜಮಾನರನ್ನು ಕೇಳಿದ್ದೇ ತಡ, ಇವರು ಕನ್ನಡಕ ಏರಿಸಿಕೊಂಡರು. ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ನಾನು ಸೌಟು ಕೆಳಗಿಟ್ಟು ಕಿವಿಗೊಟ್ಟೆ. ಛತ್ರಿ ಕೊಳ್ಳಲು ಹತ್ತಾರು ಅಂಗಡಿ ಸುತ್ತಿ ಮಳೆಗಾಲವನ್ನೇ ಮುಗಿಸಿಕೊಂಡು ಬಂದ ಮಹಾನುಭಾವರು ಇವರು. ಛತ್ರಿಯ ಮಾತು ಹೋಗಲಿ, ಲೀಲೆಯ ವಿಷಯ ಕೇಳಿ.

ಕೆಲವು ವರ್ಷಗಳ ಹಿಂದೆ, ಯುದ್ಧದ ಕಾಲದಲ್ಲಿ, ಜಪಾನಿನವರು ಬರ್ಮಾದ ಮೇಲೆ ಬಿದ್ದಾಗ, ನನ್ನ ಅಣ್ಣನ ಹೆಂಡತಿ ತಮ್ಮ ಮಗಳು ಲೀಲೆಯನ್ನು ಕರೆದುಕೊಂಡು ರಂಗೂನಿನಿಂದ ಹಡಗು ಹತ್ತಿ ಹಲಸೂರಿನ ನಮ್ಮ ಮನೆಗೆ ಬಂದರು. ಅಣ್ಣ ಕೆಲಸ ಬಿಟ್ಟು ಬರಲಾಗದೆ ಅಲ್ಲೇ ಉಳಿದ. ಲೀಲೆ ಅಲ್ಲಿ ಏಳನೇ ಕ್ಲಾಸು ಓದುತ್ತಿದ್ದಳು. ರಂಗೂನಿನ ಏಳು ಅಂದರೆ ಇಲ್ಲಿ ಎಷ್ಟು? ಇಷ್ಟೇ ಪ್ರಶ್ನೆ. ಬೇರೆ ಯಾರಾದರೂ ಆಗಿದ್ದರೆ ಮಧ್ಯಾಹ್ನದೊಳಗೆ ಮುಗಿಸುತ್ತಿದ್ದರು.

ಬ್ರಿಟಿಷರ ಕೈಯಲ್ಲಿದ್ದ ದಂಡು ಪ್ರದೇಶದ ಸ್ಕೂಲಿನವರು ಮದರಾಸಿನ ಲೆಕ್ಕದಲ್ಲಿ ಸೆಕೆಂಡ್ ಫಾರ್ಮ್, ಅದೂ ಏಳನೇ ಕ್ಲಾಸೇ, ಎಂದರು. ಇವರು ಬದನೆಕಾಯಿ ಚೌಕಾಸಿ ಮಾಡುವ ಹಾಗೆ "ಥರ್ಡ್ ಫಾರ್ಮಿಗೆ ಹಾಕ್ಕೊಳ್ಳಿ ಸಾರ್" ಎಂದು ಪಟ್ಟು ಹಿಡಿದರು. ಅವರು ಒಪ್ಪದಿದ್ದಾಗ ಪೇಟೆಗೆ, ಅಂದರೆ ಮೈಸೂರು ಸಂಸ್ಥಾನದ ಸ್ಕೂಲಿಗೆ ಹೋದರು. ಅಲ್ಲಿ ಹುಡುಗಿಯ ಕನ್ನಡ ಸಾಲದು. ಕೇಂಬ್ರಿಡ್ಜ್ ಪರೀಕ್ಷೆಗೆ ಓದಿಸುವ ಇಂಗ್ಲಿಷರ ಸ್ಕೂಲಿನಲ್ಲಿ ವರ್ಷ ಶುರುವಾಗುವುದೇ ಜನವರಿಗೆ. ಊಟಕ್ಕೆ ಕೂತರೂ ಮದರಾಸು, ಮೈಸೂರು, ಬರ್ಮಾ, ಕೇಂಬ್ರಿಡ್ಜು! ಎಲೆಯ ಮೇಲೆ ಅನ್ನ ಆರುತ್ತಿತ್ತು. ಜೂನ್ ಹೋಯಿತು, ಜುಲೈ ಹೋಯಿತು. ಹದಿಮೂರರ ಹುಡುಗಿ ನನ್ನ ಜೊತೆ ಅಕ್ಕಿ ಆರಿಸುತ್ತ ಕೂತಳು. ಓದಿದ್ದು ಸಾಕು, ಗಂಡು ನೋಡೋಣ ಎಂದು ನಮ್ಮತ್ತೆ ರಾಗ ತೆಗೆದಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಎಲ್ಲಾದ್ರೂ ಸೇರಿಸ್ಬಿಡಿ ಅಂದ್ರೆ!"

"ಅವಸರ ಪಟ್ರೆ ಆಗತ್ತೇನೇ? ಪರದೇಶದಲ್ಲಿ ಓದಿದ ಮಗು. ತೂಗಿ ನೋಡ್ಬೇಕು."

ಆಗಸ್ಟಿನಲ್ಲಿ ಅಣ್ಣ ಬಂದ. ಬರ್ಮಾದ ಕಾಡು ದಾಟಿ, ನಡೆದು. ಗುರುತೇ ಸಿಗದಷ್ಟು ಇಳಿದುಹೋಗಿದ್ದ. ಕಾಲಿಗೆ ಇನ್ನೂ ಬಟ್ಟೆ ಸುತ್ತಿತ್ತು. ಮಗಳ ತಲೆ ಸವರಿ, "ಈಗ ಯಾವ ಕ್ಲಾಸಮ್ಮಾ?" ಎಂದು ಕೇಳಿದ.

ಲೀಲೆ ತಲೆ ತಗ್ಗಿಸಿದಳು. "ಮಾವ ಇನ್ನೂ ಹೇಳಿಲ್ಲಪ್ಪಾ."

"ಭಾವ, ಮದರಾಸಲ್ಲಿ ಏನಪ್ಪಾ ಅಂದ್ರೆ..." ಎಂದು ಇವರು ಶುರುಮಾಡಿದರು. ಅಣ್ಣ ಕೇಳಿಸಿಕೊಳ್ಳಲಿಲ್ಲ. ಮರುದಿನ ಕುಂಟುತ್ತಲೇ ಅವಳನ್ನು ಹತ್ತಿರದ ಆ ದಂಡಿನ ಸ್ಕೂಲಿಗೇ ಕರೆದುಕೊಂಡು ಹೋದ. ಅಷ್ಟು ಹೊತ್ತಿಗೆ ಸೆಕೆಂಡ್ ಫಾರ್ಮ್ ತುಂಬಿಹೋಗಿತ್ತು. ಒಂದು ಕ್ಲಾಸು ಕೆಳಗಿನ ಫಸ್ಟ್ ಫಾರ್ಮಿನಲ್ಲಿ ಜಾಗವಿದೆ ಎಂದರಂತೆ. ಅಲ್ಲೇ ಕೂರಿಸಿ ಬಂದ. ಸಂಜೆ ಅವಳು ಓಡಿಬಂದು, "ಅತ್ತೇ, ಕ್ಲಾಸಲ್ಲಿ ನಾನೇ ಎಲ್ಲರಿಗಿಂತ ಎತ್ತರ!" ಎಂದಳು. ಹುಡುಗಿಗೆ ಸುಮ್ಮನೆ ಕೈತಪ್ಪಿಹೋದ ಒಂದು ವರ್ಷ ನೆನೆದು ನಾನು ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಇವತ್ತು ಇವರು "ಕೊಲಂಬೊದಲ್ಲಿ ಏನಪ್ಪಾ ಅಂದ್ರೆ..." ಎಂದದ್ದು ಕಿವಿಗೆ ಬಿದ್ದಾಗ, ಜೀವಮಾನದಲ್ಲಿ ಮೊದಲ ಸಲ ಗಂಡಸರ ಮಾತಿನ ನಡುವೆ ಜಗುಲಿಗೆ ಬಂದೆ.

"ಸಾಹೇಬ್ರೇ, ಹುಡುಗ ದಿನಾ ಸ್ಕೂಲಿಗೆ ಹೋಗ್ತಿದಾನಾ?"

"ಖುಷಿಯಾಗೇ ಹೋಗ್ತಾನಮ್ಮಾ."

"ಹಾಗಾದ್ರೆ ಬಿಟ್ಬಿಡಿ."

ಸಾಹೇಬರು ನಕ್ಕು ಎದ್ದುಹೋದರು. ಇವರು ಮುಖ ಊದಿಸಿಕೊಂಡು ಕೂತಿದ್ದಾರೆ, ಊಟಕ್ಕೂ ಎದ್ದಿಲ್ಲ. ನಾನು ಕರೆಯುವುದಿಲ್ಲ. ಕೂತಿರಲಿ.