ಚುಕ್ಕೆಯಿಲ್ಲದ ವಜ್ರವನ್ನು ಒಲ್ಲೆನೆಂದವಳು

ಕಿವಿಗೊಡಿ, ಪ್ರಿಯರೇ. ಅಂಗಿಗಳಿಗೆ ಗುಂಡಿ ಹೊಲಿದು ಬದುಕಿದ, ಊರೆಲ್ಲ ಗುಂಡಿಯಕ್ಕ ಎಂದೇ ಕರೆಯುತ್ತಿದ್ದ ಒಬ್ಬ ವಿಧವೆಯ ಗೆಲುವನ್ನು ಹೇಳುತ್ತೇನೆ.

ಮದುವೆಗೆ ಮುನ್ನ ಅವಳೂ ಅವಳ ಗಂಡನಾಗುವವನೂ ಕೂಡಿ ವಜ್ರದುಂಗುರವೊಂದನ್ನು ಆರಿಸಿದ್ದರು. ಬರಿಗಣ್ಣಿಗೆ ಹರಳು ತಿಳಿನೀರಿನಂತಿತ್ತು. ಭೂತಗನ್ನಡಿಯಲ್ಲಿ ಮಾತ್ರ ಅಂಚಿನಲ್ಲೊಂದು ಕರಿಚುಕ್ಕೆ ಕಾಣುತ್ತಿತ್ತು. "ಈ ಚುಕ್ಕೆ ಇರೋದಕ್ಕೇ ಇದು ನಮ್ಮ ಕೈಗೆ ಎಟುಕ್ತು ಕಣೇ," ಎಂದು ಅವನು ನಕ್ಕಿದ್ದ. ಅವನು ತೀರಿಕೊಂಡ ಮೇಲೆ ಆ ಚುಕ್ಕೆಯೇ ಅವಳ ಪಾಲಿಗೆ ಅವನ ನಗುವಾಯಿತು.

ಒಮ್ಮೆ ಹರಳು ಸಡಿಲವಾಗಿ, ಉಂಗುರವನ್ನು ಒಡವೆ ಅಂಗಡಿಯಲ್ಲಿ ರಿಪೇರಿಗೆ ಕೊಟ್ಟಳು. ತಂಗಿಯೊಡನೆ ಅದನ್ನು ತರಲು ಹೋಗಿ ಭೂತಗನ್ನಡಿ ಹಿಡಿದು ನೋಡಿದರೆ, ಚುಕ್ಕೆಯೇ ಇಲ್ಲ!

"ಈ ಹರಳು ನಂದಲ್ಲ," ಎಂದಳು.

ತಂಗಿ ಮೊಣಕೈಯಿಂದ ತಿವಿದಳು. "ಸುಮ್ನಿರೇ ಅಕ್ಕಾ! ಚುಕ್ಕೆ ಇಲ್ದೇ ಇರೋದಕ್ಕೆ ಬೆಲೆ ಇನ್ನೂ ಜಾಸ್ತಿ. ತಾನಾಗೇ ಬಂದ ಭಾಗ್ಯನ ಯಾರಾದ್ರೂ ಒದೀತಾರಾ?"

"ಭಾಗ್ಯ ಬೇರೆಯವರದು ಕಣೇ. ನನಗೆ ನಿಮ್ಮ ಭಾವ ಕೊಟ್ಟಿದ್ದೇ ಬೇಕು."

ಅಂಗಡಿಯವನು ತಲೆ ಕೆರೆದುಕೊಂಡ. "ಅಮ್ಮಾ, ಚುಕ್ಕೆ ಇದೆ ಅಂತ ಜಗಳ ಆಡೋರನ್ನ ದಿನಾ ನೋಡ್ತೀನಿ. ಚುಕ್ಕೆ ಇಲ್ಲ ಅಂತ ಜಗಳ ಆಡೋರು ನೀವೇ ಮೊದಲು!"

ಒಳಗೆ ಹುಡುಕಿಸಿದಾಗ ನಿಜ ತಿಳಿಯಿತು: ಎರಡು ಹರಳುಗಳು ಅದಲುಬದಲಾಗಿದ್ದವು. ಅವಳದನ್ನು ಇನ್ನೊಬ್ಬರ ಉಂಗುರಕ್ಕೆ ಕೂರಿಸುವುದರಲ್ಲಿದ್ದರು. ಗುಂಡಿಯಕ್ಕ ಭೂತಗನ್ನಡಿಯಲ್ಲಿ ಇಣುಕಿದಳು. ದೇವರ ದಯೆ ದೊಡ್ಡದು! ಕರಿಚುಕ್ಕೆ ಅಂಚಿನಲ್ಲೇ ಇತ್ತು.

"ಸಿಕ್ಕಿಬಿಟ್ರಲ್ಲ ನಮ್ಮ ಭಾವ!" ಎಂದು ತಂಗಿ ಕಣ್ಣೊರೆಸಿಕೊಂಡು ನಕ್ಕಳು.

ಪ್ರಿಯರೇ, ನೀವೂ ಹೀಗೆಯೇ ಮಾಡಿರಿ. ಪರರ ನಿಷ್ಕಳಂಕ ಭಾಗ್ಯ ಅಂಗೈಗೆ ಬಿದ್ದರೂ ಹಿಂದಿರುಗಿಸಿರಿ. ದೇವರು ನಿಮಗೆಂದೇ ಕೊಟ್ಟದ್ದನ್ನು ಅದರ ಚುಕ್ಕೆಯ ಸಮೇತ ಕೇಳಿ ಪಡೆಯಿರಿ.