ರಿಪೇರಿ ಮಾಡಿಸಲು ಬಿಡದ ಓನರ್

ನಮ್ಮ ಮನೆ ಓನರ್‌ಗೆ ಎಡಗೈ ಒಂದು ಬಣ್ಣ, ಬಲಗೈ ಇನ್ನೊಂದು ಬಣ್ಣ. ವರ್ಷಗಟ್ಟಲೆ ಸರ್ಕಾರಿ ಬಸ್ಸು ಓಡಿಸಿದವರು. ಕಿಟಕಿ ಕಡೆಗಿದ್ದ ಬಲಗೈ ಬಿಸಿಲಿಗೆ ಸುಟ್ಟು ಮೊಣಕೈವರೆಗೂ ಕಪ್ಪಾಗಿತ್ತು. ರಿಟೈರ್ ಆದ ಮೇಲೂ ಅದು ತಿಳಿಯಾಗಲಿಲ್ಲ. ಕನಕಪುರದಲ್ಲಿ ಬಾಡಿಗೆ ಮನೆ ಹುಡುಕುತ್ತಾ ನಾನೂ ಅಮ್ಮನೂ ಅವರ ಮನೆಗೆ ಹೋದ ದಿನ, ಆ ಕಪ್ಪು ಕೈಯನ್ನು ಗೋಡೆಗೆ ಊರಿಕೊಂಡು ಕರಾರು ಹೇಳಿದರು.

“ಗ್ವಾಡೆಗೆ ಮೊಳೆ ಹೊಡೀಬ್ಯಾಡಿ. ನಲ್ಲಿ ಸೋರುದ್ರೆ ನಂಗೇಳಿ. ಬಲ್ಬು ಹೋದ್ರೂ ನಂಗೇ ಏಳಿ. ನಿಮ್ಮ ದುಡ್ಡಾಕಿ ಏನೂ ಮಾಡುಸ್ಬ್ಯಾಡಿ.”

ಅಮ್ಮನಿಗೆ ದೇವರೇ ಸಿಕ್ಕಂತಾಯಿತು. ಹಿಂದಿನ ಮನೆಯ ಓನರಮ್ಮ ನಲ್ಲಿ ಕೆಟ್ಟರೆ “ತಿರುಗಿಸೋರು ನೀವಲ್ವಾ” ಅನ್ನುವವರು, ಗೋಡೆ ಬಿರುಕು ಬಿಟ್ಟರೆ “ನೀವು ಬರೋವರ್ಗೂ ಚೆನ್ನಾಗೇ ಇತ್ತು” ಅನ್ನುವವರು. ಸಣ್ಣಪುಟ್ಟದ್ದು ಬಾಡಿಗೆಯವರದು, ದೊಡ್ಡದು ಮಾಲೀಕರದು ಎಂದು ಪತ್ರದಲ್ಲಿ ಬರೆಸಿದ್ದರೂ, ಯಾವುದು ಸಣ್ಣದು ಎನ್ನುವುದನ್ನು ಹೇಳುವ ಹಕ್ಕು ಅವರ ಬಳಿಯೇ ಇತ್ತು.

ಮುಂದಿನ ಭಾಗದಲ್ಲಿ ಓನರ್ ಒಬ್ಬರೇ, ಹಿಂದಿನ ಭಾಗದಲ್ಲಿ ನಾವಿಬ್ಬರು. ಅವರ ಹೆಂಡತಿ ತೀರಿಕೊಂಡಿದ್ದರು, ಮಗಳನ್ನು ಮಾಗಡಿಗೆ ಕೊಟ್ಟಿದ್ದರು. ನಲ್ಲಿ ಸೋರುತ್ತಿದೆ ಎಂದರೆ ಹಳೇ ಖಾಕಿ ಅಂಗಿ ತೊಟ್ಟುಕೊಂಡು ಸ್ಪ್ಯಾನರ್ ಹಿಡಿದು ಬರುವರು. ಮನೆಯಲ್ಲಿ ಬೇರೆ ಅಂಗಿಗಳಿರಲಿಲ್ಲವೆಂದಲ್ಲ. ರಿಪೇರಿಯನ್ನು ಅವರು ಡ್ಯೂಟಿ ಎಂದೇ ತಿಳಿದಿದ್ದರು. ಕೆಲಸ ಮುಗಿದ ಮೇಲೆ ಕಾಫಿ ಕೊಟ್ಟರೆ ನಿಂತೇ ಕುಡಿದು ಹೋಗುವರು.

ಒಂದು ಸಲ ಕ್ಲಿನಿಕ್ಕಿನಿಂದ ಬರುವಾಗ ನಾನೇ ಒಂದು ಸ್ವಿಚ್ಚು ತಂದು ಹಾಕಿಸಿದೆ. ನಾನು ಲ್ಯಾಬ್ ಟೆಕ್ನೀಷಿಯನ್. ಅಷ್ಟಕ್ಕೆಲ್ಲ ಓನರನ್ನು ಕರೆಯುವುದೇಕೆ ಎನಿಸಿತ್ತು. ಅವರ ಕಣ್ಣಿಗೆ ಬಿತ್ತು. ಒಳಗೆ ಹೋಗಿ ದುಡ್ಡು ತಂದರು. ಬೇಡ ಅಂಕಲ್ ಎಂದರೆ ಬಾಗಿಲು ಬಿಟ್ಟು ಕದಲಲಿಲ್ಲ. ನಾನು ಕೈಚಾಚಿ ತೆಗೆದುಕೊಂಡ ಮೇಲೆಯೇ ಅಲ್ಲಿಂದ ಹೋದದ್ದು. ಮುದುಕರಿಗೆ ತಲೆ ಸರಿಯಿಲ್ಲ ಎಂದು ಅವತ್ತು ಅಮ್ಮನ ಹತ್ತಿರ ಹೇಳಿದೆ.

ಅದರ ಮರುವರ್ಷ ಮಳೆ ಜೋರಾಯಿತು. ನಮಗಿದ್ದ ಒಂದೇ ಮಲಗುವ ಕೋಣೆಯ ತಾರಸಿ ಸೋರತೊಡಗಿತು. ಗೋಡೆಯೆಲ್ಲ ತೇವ, ಮೂಲೆಯಲ್ಲಿ ಕಪ್ಪು ಬೂಷ್ಟು. ಅಮ್ಮನಿಗೆ ಮೊದಲೇ ಉಬ್ಬಸ. ಎದೆಯಿಂದ ಸುಂಯ್ ಸುಂಯ್ ಸದ್ದು ಬರತೊಡಗಿತು. ಓನರಿಗೆ ಹೇಳಿದರೆ, “ಒಸಿ ತಡಿಯವ್ವ, ದುಡ್ಡು ಒಂಚ್ತಾ ಇವ್ನಿ” ಎಂದರು. ಅವರ ಪೆನ್ಷನ್ ಎಷ್ಟು ಕಡಿಮೆಯೆಂದು ನನಗೂ ಗೊತ್ತಿತ್ತು. ನಾನೇ ಮಾಡಿಸ್ತೀನಿ, ಬಾಡಿಗೆಯಲ್ಲೂ ಹಿಡಿಯೋದಿಲ್ಲ ಎಂದೆ. ಅವರ ಮುಖ ಬಿಗಿಯಿತು.

“ಈ ಮನೆಗೆ ನಾನು ಬಂದಿದ್ದೂ ಬಾಡಿಗೇಗೇ ಕಣವ್ವ” ಎಂದರು. “ಓನರು ಸಾತನೂರಲ್ಲಿದ್ದ. ಏನು ಕೆಟ್ರೂ ನೀನೇ ಮಾಡುಸ್ಕೊ ಅನ್ನೋನು. ಮಾಡುಸ್ದೆ. ಹೆಂಚು ತೆಗ್ಸಿ ತಾರ್ಸಿ ಆಕುಸ್ದೆ. ಸಂಪು ತೋಡುಸ್ದೆ. ಒಂದಿನ ಆವಯ್ಯ ಬಂದು, ಬಾಗ್ಲಲ್ಲಿ ನಿಂತ್ಕಂಡು, ಒಳಿಕ್ಕೆ ಬರ್ಲಾ ಅಂತ ನನ್ನ ಕೇಳ್ದ. ಅವ್ನ ಮನೆಗೆ ಬರಕ್ಕೆ ನನ್ನ ಕೇಳ್ದ. ಮನೆ ನಂದಾಗ್ಬುಡ್ತು ಅಂತ ಅವತ್ತೇ ಗೊತ್ತಾಯ್ತು. ಆಮೇಲೆ ನಾನೇಳಿದ್ ರೇಟಿಗೇ ಬರ್ಕೊಟ್ಟ.”

“ಅವರೇನೂ ಅನ್ನಲಿಲ್ವಾ?”

“ಅನ್ನಕ್ಕೆ ಏನೈತೆ? ಎಲ್ಲಾ ಕಡೇಲೂ ನನ್ ದುಡ್ಡಿತ್ತು. ಅವ್ನ ಮಖ ಮಾತ್ರ ಇನ್ನೂ ಕಣ್ಣಲ್ಲೈತೆ.”

“ನಾನು ನಿಮ್ಮ ಮನೆ ಬರೆಸ್ಕೊಳ್ಳಲ್ಲ ಅಂಕಲ್.”

“ಬರುಸ್ಕಬೇಕು ಅಂತ ನಾನೂ ಮಾಡುಸ್ಲಿಲ್ಲ ಕಣವ್ವ.”

ರಿಪೇರಿ ಮಾಡಿಸಿದವರಿಗೆ ಮನೆ ಸೇರುತ್ತದೆಂದು ಯಾವ ಕಾನೂನೂ ಹೇಳುವುದಿಲ್ಲ. ಅದನ್ನು ಅವರಿಗೆ ಹೇಳಿ ಪ್ರಯೋಜನವಿರಲಿಲ್ಲ. ನನಗೆ ಅಮ್ಮನ ಉಸಿರು ಮುಖ್ಯ. ಹಾಗಾದರೆ ಖಾಲಿ ಮಾಡ್ತೀವಿ ಎಂದು ಹೇಳಿ ಬಂದುಬಿಟ್ಟೆ.

ಮಾರನೇ ದಿನ ಬೆಳಗ್ಗೆ ಓನರ್ ಹಾಸಿಗೆ ಸುತ್ತಿಕೊಂಡು ನಮ್ಮ ಬಾಗಿಲಿಗೆ ಬಂದರು. “ನೀನೂ ನಿಮ್ಮಮ್ಮನೂ ನನ್ನ ರೂಮಲ್ಲಿ ಮಲಕ್ಕಳ್ಳಿ, ಅಲ್ಲಿ ಸೋರಕ್ಕಿಲ್ಲ. ನಾನು ಇಲ್ಲಿ ಮಲಕ್ಕತೀನಿ” ಎಂದರು. ಅಮ್ಮ ಎಷ್ಟು ಬೇಡವೆಂದರೂ ಕೇಳಲಿಲ್ಲ. ಆ ಮಳೆಗಾಲ ಪೂರ್ತಿ ಆ ತೇವದ ಕೋಣೆಯಲ್ಲಿ, ಸುತ್ತ ಬಕೆಟ್ಟು ಪಾತ್ರೆ ಇಟ್ಟುಕೊಂಡು ಮಲಗಿದರು. ಅಮ್ಮನ ಎದೆಯ ಸದ್ದು ನಿಂತಿತು, ಅವರಿಗೆ ಕೆಮ್ಮು ಶುರುವಾಯಿತು. ನನಗೆ ಅವರ ಮೇಲೆ ಸಿಟ್ಟು ಬರುತ್ತಿತ್ತು. ಕೆಮ್ಮು ಕೇಳಿದಾಗಲೆಲ್ಲ ಅಳುವೂ ಬರುತ್ತಿತ್ತು. ದೀಪಾವಳಿ ಹೊತ್ತಿಗೆ ಹೇಗೋ ದುಡ್ಡು ಹೊಂದಿಸಿ, ಖಾಕಿ ಅಂಗಿ ತೊಟ್ಟು ತಾವೇ ಗಾರೆಯವರ ಜೊತೆ ನಿಂತು ತಾರಸಿ ಸರಿ ಮಾಡಿಸಿದರು.

ಕೆಲವು ವರ್ಷಗಳ ನಂತರ ಓನರಿಗೆ ಸಕ್ಕರೆ ಕಾಯಿಲೆ ಜಾಸ್ತಿಯಾಗಿ ಕಾಲಿಗೆ ಗಾಯವಾಯಿತು, ವಾಸಿಯಾಗಲಿಲ್ಲ. ಮಾಗಡಿಗೆ ಬಾ ಎಂದು ಮಗಳು ಕರೆದರೂ ಹೋಗದೆ ಇಲ್ಲೇ ಮಲಗಿದರು. ಊಟ ಅಮ್ಮ ಕೊಡುತ್ತಿದ್ದರು. ಆಗ ಸಂಪಿನ ಮೋಟರು ಸುಟ್ಟುಹೋಯಿತು. ವಾಡಿಕೆಯಂತೆ ಹೋಗಿ ಹೇಳಿದೆ. ಗೂಟದಲ್ಲಿದ್ದ ಖಾಕಿ ಅಂಗಿಯತ್ತ ಒಮ್ಮೆ ನೋಡಿ, “ನೀನೇ ಮಾಡುಸವ್ವ” ಎಂದರು.

“ಮಾಡಿಸಿ ಬಾಡಿಗೆಯಲ್ಲಿ ಹಿಡ್ಕೊಳ್ಲಾ?”

“ಬ್ಯಾಡ. ನಿನ್ ದುಡ್ಡಲ್ಲೇ ಮಾಡ್ಸು.”

ಬೇರೆ ಯಾರಾದರೂ ಕೇಳಿಸಿಕೊಂಡಿದ್ದರೆ ಜಿಪುಣ ಎನ್ನುತ್ತಿದ್ದರು. ಅವರ ಲೆಕ್ಕದಲ್ಲಿ ಆ ಮಾತಿಗೆ ಏನರ್ಥವೆಂದು ನನಗೆ ಗೊತ್ತಿತ್ತು. ಆ ಮಾತನ್ನು ಅವರು ಇನ್ಯಾರಿಗೂ ಹೇಳಿರಲಾರರು. ಆಮೇಲೆ ಬಚ್ಚಲ ಬಾಗಿಲು, ಅವರ ಕೋಣೆಯ ಕಿಟಕಿ, ಸುಣ್ಣಬಣ್ಣ ಎಲ್ಲವನ್ನೂ ನಾನೇ ಮಾಡಿಸಿದೆ. ಮಲಗಿದ್ದಲ್ಲಿಂದಲೇ ನೋಡುತ್ತಿದ್ದರು, ಒಂದು ರೂಪಾಯಿಯ ಮಾತೂ ಎತ್ತಲಿಲ್ಲ. ಯುಗಾದಿಗೆ ಸ್ವಲ್ಪ ಮುಂಚೆ ತೀರಿಕೊಂಡರು.

ತಿಥಿ ಮುಗಿದ ಮೇಲೆ ಮಗಳು ನನ್ನನ್ನು ಅಂಗಳಕ್ಕೆ ಕರೆದರು. ಮನೆ ಮಾರಬೇಕೆಂದಿದ್ದರು. ಅಪ್ಪನಿಗೆ ಈ ಮನೆ ಬಂದ ಬಗೆ ಅವರಿಗೂ ಗೊತ್ತಿತ್ತು. ನನ್ನ ಮುಖ ನೋಡದೆ ಸೆರಗಿನ ಅಂಚು ತಿರುವುತ್ತಾ ನಿಂತರು.

“ಅಪ್ಪ ಮಲಗಿದ್ದಾಗ ಮನೇಗೆ ನೀವು ಭಾಳ ಖರ್ಚು ಮಾಡಿದ್ದೀರಂತೆ ಅಕ್ಕ. ಏನೇನು ಮಾಡುಸಿದ್ರಿ?”

“ನಾನೇನೂ ಮಾಡಿಸಿಲ್ಲಮ್ಮ” ಎಂದೆ. “ಎಲ್ಲಾ ನಿಮ್ಮಪ್ಪನೇ ಮಾಡಿಸಿದ್ದು.”

ಅವರು ಸೆರಗು ಬಿಟ್ಟು ನನ್ನ ಕೈ ಹಿಡಿದುಕೊಂಡರು. ಆ ತಿಂಗಳ ಕೊನೆಗೆ ನಾವು ಮನೆ ಖಾಲಿ ಮಾಡಿದೆವು.