ಗೋದಾಮಿನ ಪಕ್ಕದ ಕೋಣೆ

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ವ್ಯವಹಾರ ಬಲ್ಲವರಿಗೆ ಶ್ರೀ ಅನಂತರಾಮಯ್ಯನವರ ಪರಿಚಯ ಬೇಕಿಲ್ಲ. ಮುಚ್ಚುವ ಸ್ಥಿತಿಗೆ ಬಂದಿದ್ದ ನಮ್ಮ ನೂಲು ಬಿಚ್ಚುವ ಕಂಪನಿಗೆ ೧೯೫೧ರಲ್ಲಿ ಮ್ಯಾನೇಜರಾಗಿ ಬಂದು, ಅದನ್ನು ಲಾಭಕ್ಕೆ ತಂದು, ಹದಿನೇಳು ವರ್ಷಗಳ ಸೇವೆಯ ನಂತರ ನಿವೃತ್ತರಾಗುತ್ತಿರುವ ಮಹನೀಯರು ಅವರು. ಅವರ ಈ ಅಭಿನಂದನ ಗ್ರಂಥಕ್ಕೆ ನಮ್ಮ ನಿರ್ದೇಶಕ ಮಂಡಲಿಯ ಪರವಾಗಿ ನಾಲ್ಕು ಒಳ್ಳೆಯ ಮಾತು ಬರೆಯಲು ಕುಳಿತರೆ, ನನಗೆ ನಾಚಿಕೆಯೇ ಮುಂದಾಗಿ ಬರುತ್ತಿದೆ.

ಬಡ ಉಪಾಧ್ಯಾಯರ ಮಗನಾದ ಅವರು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆಯೆಂದು ಚಿಕ್ಕಬಳ್ಳಾಪುರದಲ್ಲಿ ವಾರಾನ್ನ ಉಂಡು ಓದಿದವರು. ಆ ಹಸಿವಿನ ನೆನಪಿನಿಂದಲೇ, ಕುದಿನೀರಿನ ತೊಟ್ಟಿಗಳ ಮುಂದೆ ಗೂಡು ಬಿಚ್ಚುವ ಹೆಂಗಸರು ಉಂಡರೇ ಎಂದು ವಿಚಾರಿಸದೆ ತಾವು ಊಟಕ್ಕೆ ಕೂರುತ್ತಿರಲಿಲ್ಲ. ಗಂಗುಲಮ್ಮ ಎಂಬಾಕೆಯ ಕೈ ಬೆಂದಾಗ, ವಾಸಿಯಾಗುವ ತನಕ ಕೂಲಿ ನಿಲ್ಲದಂತೆ ನೋಡಿಕೊಂಡರು. ಕೆಲಸ ಬಲ್ಲವರು ನಮ್ಮನ್ನು ಬಿಟ್ಟು ಹೋಗಲಿಲ್ಲ. ನೂಲಿಗೆ ಒಳ್ಳೆಯ ಹೆಸರು ಬಂತು.

ಆದರೆ ನಾವು ಅವರನ್ನು ಆರಿಸಿದ್ದು ಬೇರೆಯೇ ಕಾರಣಕ್ಕೆ. "ವಾರಾನ್ನದಲ್ಲಿ ಓದಿದೋರು ಕಣ್ರೀ, ಅದು ಬೇಕು ಇದು ಬೇಕು ಅಂತ ತಕರಾರು ಮಾಡಲ್ಲ" ಎಂದರು ಅಂದಿನ ಅಧ್ಯಕ್ಷರಾದ ವೆಂಕಟರಾಯಪ್ಪನವರು. ನಾವೆಲ್ಲ ತಲೆಯಾಡಿಸಿದೆವು.

ಮನೆ ಕಟ್ಟಿಸಿಕೊಡುತ್ತೇವೆ, ಅಲ್ಲಿಯವರೆಗೆ ಗೋದಾಮಿನ ಪಕ್ಕದ ಕೋಣೆಯಲ್ಲಿರಿ ಎಂದೆವು. ಅವರ ಪತ್ನಿ ಕನಕಲಕ್ಷ್ಮಮ್ಮನವರು ಗೌರಿಬಿದನೂರಿನ ತವರಿನಲ್ಲೇ ಉಳಿದರು. ಲಾಭ ಬಂದಾಗ ಹೊಸ ಬಾಯ್ಲರ್ ಬಂತು, ಹೊಸ ಶೆಡ್ಡು ಎದ್ದಿತು. ಮನೆ ಮಾತ್ರ ಏಳಲಿಲ್ಲ. ಬಾಯ್ಲರಿನ ಸದ್ದು ಸ್ವಲ್ಪ ಏರುಪೇರಾದರೂ ಅವರು ಹಾಸಿಗೆ ಬಿಟ್ಟು ಓಡಿಬರುತ್ತಿದ್ದರು. ಮನೆ ಕೊಟ್ಟರೆ ಸಂಜೆಗೇ ಹೊರಟುಬಿಡುತ್ತಾರೆಂದು ನಾವು ಒಳಗೊಳಗೇ ಯೋಚಿಸಿದೆವು. ಹೊರಗೆ, ಕಂಪನಿಯೇ ಅವರ ಸಂಸಾರವೆಂದು ವಾರ್ಷಿಕ ಸಭೆಯಲ್ಲಿ ಹೊಗಳಿ ಚಪ್ಪಾಳೆ ತಟ್ಟಿದೆವು. ಥೂ, ನಮ್ಮ ಜನ್ಮಕ್ಕಿಷ್ಟು!

ಈ ಲೇಖನಕ್ಕೆ ಅವರ ಊಟ, ಅಭ್ಯಾಸಗಳ ಕುರಿತು ಕೇಳೋಣವೆಂದು ಕಳೆದ ವಾರ ಗೌರಿಬಿದನೂರಿಗೆ ಹೋಗಿದ್ದೆ. ಕನಕಲಕ್ಷ್ಮಮ್ಮನವರು ಕಾಫಿ ತಂದಿಟ್ಟು, ಸ್ವಲ್ಪವೂ ಕೋಪವಿಲ್ಲದೆ ಹೇಳಿದರು: "ನನ್ನನ್ನ ಕೇಳ್ತೀರಲ್ಲ ಸ್ವಾಮಿ. ಅವ್ರು ಇದ್ದಿದ್ದು ನಿಮ್ಮ ಹತ್ರ. ಈಗ ಮನೆಗೆ ಬರ್ತಾರೆ, ಅವ್ರಿಗೆ ಏನು ಸೇರುತ್ತೆ ಅಂತ ನೀವೇ ನನಗೆ ಹೇಳ್ಬೇಕು."

ನನಗೂ ಗೊತ್ತಿರಲಿಲ್ಲ.

ನಿವೃತ್ತರ ಸೇವೆ ಇನ್ನೂ ಮುಂದುವರಿಯಲೆಂದು ಹಾರೈಸುವುದು ಇಂಥ ಗ್ರಂಥಗಳ ರೂಢಿ. ಸಲಹೆಗಾರರಾಗಿ ಅದೇ ಕೋಣೆಯಲ್ಲಿ ಉಳಿಯಿರೆಂದು ಸನ್ಮಾನದ ದಿನ ಕೇಳಲು ನಮ್ಮ ಮಂಡಲಿ ತೀರ್ಮಾನಿಸಿಯೂ ಆಗಿದೆ. ಬಡಿಸಿದ್ದನ್ನು ಬೇಡವೆನ್ನಲು ಅವರಿಗೆ ಬಾರದೆಂದು ನಮಗೆ ಗೊತ್ತು.

ಅನಂತರಾಮಯ್ಯನವರೇ, ದಯವಿಟ್ಟು ಒಪ್ಪಬೇಡಿ. ನೂರು ವರ್ಷ ಬಾಳಿ, ನಿಮ್ಮ ಮನೆಯಲ್ಲಿ.